ಜಗಲಿಯ ಮೇಲಿನ ಮುದಿ ನಾಯಿ

ಗೋಣಿಬೀಡಿನ ಸುತ್ತಲ ಕಾಫಿ ತೋಟಗಳಲ್ಲಿ ನಾಯಿಗೆ ಮುಪ್ಪು ಬರುವುದೇ ಅಪರೂಪವಾಗಿತ್ತು. ಎಷ್ಟೋ ಮರಿಗಳು ಪಾರ್ವೋ ರೋಗದ ರಕ್ತಭೇದಿಗೆ ಹೋಗುತ್ತಿದ್ದವು. ಬದುಕಿ ಬೆಳೆದವಕ್ಕೆ ಚಿರತೆಯ ಕಾಟ, ಹಂದಿಗೆಂದು ಒಡ್ಡಿದ ಉರುಳಿನ ಕಾಟ, ಹಾವಿನ ಕಾಟ. ಇವೆಲ್ಲವನ್ನೂ ದಾಟಿದ ನಾಯಿಯನ್ನು ಉಣುಗಿನ ಜ್ವರ ಒಣಗಿಸುತ್ತಿತ್ತು, ಇಲ್ಲವೇ ರಸ್ತೆಯ ಮೇಲೆ ಲಾರಿ ಮುಗಿಸುತ್ತಿತ್ತು. ಒಂದು ನಾಯಿ ಹೋದರೆ ಲೈನ್ ಮನೆಗಳ ಕಡೆಯಿಂದ ಇನ್ನೊಂದು ಮರಿ ಬರುತ್ತಿತ್ತು. ಹೀಗಾಗಿ ಹದಿಮೂರು ಹದಿನಾಲ್ಕು ವರ್ಷದ ನಾಯಿಯನ್ನು ಹೇಗೆ ನೋಡಿಕೊಳ್ಳಬೇಕು ಎನ್ನುವ ತಿಳಿವಳಿಕೆ ನಮ್ಮ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದಲ್ಲ. ದನದ ಕಾಯಿಲೆಗೆ ಹತ್ತು ಮದ್ದು ಹೇಳುವ ಅಜ್ಜಿಯೂ ಮುದಿ ನಾಯಿಯ ವಿಷಯ ಬಂದರೆ ‘ವಯಸ್ಸಾಯ್ತು ಬಿಡು’ ಎಂದು ಸುಮ್ಮನಾಗುತ್ತಾಳೆ.

ಈಗ ಚುಚ್ಚುಮದ್ದು ಬಂದಿದೆ, ಉಣುಗಿನ ಜ್ವರಕ್ಕೆ ಮಾತ್ರೆ ಬಂದಿದೆ, ರಾತ್ರಿ ನಾಯಿಯನ್ನು ಒಳಗೆ ಮಲಗಿಸುವ ಮನೆಗಳೂ ಹೆಚ್ಚಾಗಿವೆ. ಜಗಲಿಯ ಮೇಲೆ ಗೋಣಿಚೀಲದಲ್ಲಿ ಮುದುಡಿ ಮಲಗಿದ, ಮೂತಿ ಬೆಳ್ಳಗಾದ ನಾಯಿಗಳು ಕಣ್ಣಿಗೆ ಬೀಳತೊಡಗಿವೆ. ಅವುಗಳ ಬಗ್ಗೆ ಈ ಅಧ್ಯಾಯ ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸು ಕಾಯಿಲೆಯಲ್ಲ. ‘ವಯಸ್ಸಾಯ್ತು’ ಎಂದು ನಾವು ಕೈಬಿಡುವ ನಾಯಿಗಳಲ್ಲಿ ಬಹಳಷ್ಟು ನಿಜವಾಗಿ ನೋವಿನಲ್ಲಿರುತ್ತವೆ, ಇಲ್ಲವೇ ಹೆಸರಿರುವ, ಮದ್ದಿರುವ ಒಂದು ರೋಗದಲ್ಲಿರುತ್ತವೆ.

ಕನ್ನಡ ನಾಡು ನಾಯಿಯನ್ನು ಮರೆತ ನಾಡಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನವೊಂದು ಕಾಳಿ ಎಂಬ ಬೇಟೆನಾಯಿಯ ಹೆಸರನ್ನು ಉಳಿಸಿದೆ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಕೊಟ್ಟ ನಾಯಿ ಅದು. ದೊಡ್ಡ ಹಂದಿಯೊಂದರ ಜೊತೆ ಕಾದಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ ಮತ್ತು ‘ಪರಿಸರದ ಕತೆ’ಗಳಲ್ಲಿ ‘ಕಿವಿ’ ಎಂಬ ಹೆಸರಿನ ತಮ್ಮ ನಾಯಿಯನ್ನು ಕನ್ನಡದ ಓದುಗರೆಲ್ಲರಿಗೂ ಪರಿಚಯ ಮಾಡಿಸಿದರು. ಆದರೆ ನಮ್ಮ ನೆನಪಿನಲ್ಲಿ ನಿಂತವೆಲ್ಲ ಓಡುವ, ಬೊಗಳುವ, ಬೇಟೆಯಾಡುವ ನಾಯಿಗಳು. ಮೆಟ್ಟಿಲು ಹತ್ತಲಾರದ ನಾಯಿಗೆ ನಮ್ಮಲ್ಲಿ ಕಲ್ಲೂ ಇಲ್ಲ, ಕತೆಯೂ ಕಡಿಮೆ.

ನಾಯಿಯ ವಯಸ್ಸನ್ನು ಏಳರಿಂದ ಗುಣಿಸಿದರೆ ಮನುಷ್ಯನ ವಯಸ್ಸು ಸಿಗುತ್ತದೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದು ತಪ್ಪು. ಒಂದು ವರ್ಷದ ನಾಯಿ ಮರಿ ಹಾಕಬಲ್ಲದು, ಏಳು ವರ್ಷದ ಮಗುವಿಗೆ ಆ ಮಾತೇ ಸಲ್ಲದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಟ್ರೇ ಐಡೆಕರ್ ಮತ್ತು ಸಂಗಡಿಗರು 2020ರಲ್ಲಿ ಇದಕ್ಕೊಂದು ಬೇರೆ ದಾರಿ ತೋರಿಸಿದರು. ಜೀವಿಗೆ ವಯಸ್ಸಾಗುತ್ತ ಹೋದಂತೆ ಅದರ ಡಿಎನ್‌ಎ ಎಳೆಯ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಗೊತ್ತಾದ ರೀತಿಯಲ್ಲಿ ಬದಲಾಗುತ್ತವೆ. 104 ಲ್ಯಾಬ್ರಡಾರ್ ನಾಯಿಗಳ ಗುರುತುಗಳನ್ನು ಮನುಷ್ಯರ ಗುರುತುಗಳ ಜೊತೆ ಹೋಲಿಸಿದಾಗ, ನಾಯಿ ಎಳವೆಯಲ್ಲಿ ಭರದಿಂದ ಮುದಿಯಾಗುತ್ತದೆ, ಆಮೇಲೆ ನಿಧಾನಿಸುತ್ತದೆ ಎಂದು ಕಂಡಿತು. ಅವರ ಸೂತ್ರದ ಪ್ರಕಾರ ಒಂದು ವರ್ಷದ ಲ್ಯಾಬ್ರಡಾರ್ 31 ವರ್ಷದ ಮನುಷ್ಯನಿಗೆ ಸಮ. ನಾಲ್ಕು ವರ್ಷದ್ದು 53ಕ್ಕೆ, ಎಂಟು ವರ್ಷದ್ದು 64ಕ್ಕೆ, ಹನ್ನೆರಡು ವರ್ಷದ್ದು ಸುಮಾರು 71ಕ್ಕೆ. ಒಂದೇ ತಳಿಯಿಂದ ತೆಗೆದ ಲೆಕ್ಕವಾದ್ದರಿಂದ ನಮ್ಮ ನಾಟಿ ನಾಯಿಗೆ ಹಾಗೆಯೇ ಅನ್ವಯಿಸಬಾರದು. ಆದರೂ ಎಂಟು ವರ್ಷದ ನಾಯಿ ಬೇಲಿ ಹಾರುತ್ತಿದೆ ಎಂದು ಅದನ್ನು ಹರೆಯದ್ದೆಂದು ಭಾವಿಸಬೇಡಿ ಎಂಬ ಎಚ್ಚರಿಕೆ ಅದರಲ್ಲಿದೆ.

ಪ್ರಾಣಿಲೋಕದಲ್ಲಿ ಸಾಮಾನ್ಯವಾಗಿ ದೊಡ್ಡ ಜೀವಿ ಹೆಚ್ಚು ಕಾಲ ಬದುಕುತ್ತದೆ, ಆನೆ ಇಲಿಗಿಂತ. ನಾಯಿಗಳೊಳಗೆ ಇದು ತಿರುಗುಮುರುಗು. ಗ್ರೇಟ್ ಡೇನ್ ಎಂಟು ವರ್ಷಕ್ಕೆ ಮುದುಕ, ಪಮೇರಿಯನ್ ಹದಿನಾಲ್ಕಕ್ಕೂ ಗಿಲಗಿಲ. 74 ತಳಿಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮೈತೂಕ ಎರಡು ಕಿಲೋ ಹೆಚ್ಚಾದರೆ ಆಯುಸ್ಸು ಸುಮಾರು ಒಂದು ತಿಂಗಳು ಕಡಿಮೆ. ದೊಡ್ಡ ತಳಿಗಳು ಬೇಗ ಬೆಳೆಯುತ್ತವೆ, ಬೇಗ ಮುಪ್ಪಾಗುತ್ತವೆ. ತೋಟ ಕಾಯಲೆಂದು ದೂರದಿಂದ ಭಾರಿ ತಳಿಯ ಮರಿ ತರಿಸುವವರು ಆರನೆಯ ವರ್ಷದಿಂದಲೇ ಅದರ ಮುಪ್ಪನ್ನು ಎದುರು ನೋಡಬೇಕು. ಊರಿನ ನಾಟಿ ನಾಯಿಗೆ ಆ ಕಾಲ ಒಂಬತ್ತು ಹತ್ತಕ್ಕೆ ಬರುತ್ತದೆ.

ಮುಪ್ಪು ಮೊದಲು ಕಾಲಿಗೆ ಬರುತ್ತದೆ. ಕೀಲಿನೊಳಗೆ ಎರಡು ಎಲುಬಿನ ತುದಿಗಳನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿ ಸವೆಯುತ್ತದೆ. ಒಮ್ಮೆ ಸವೆದರೆ ಸರಿಯಾಗಿ ಮತ್ತೆ ಬೆಳೆಯದು. ಕೀಲಿನ ಸುತ್ತಲ ಪೊರೆ ಊದಿಕೊಂಡು ನೋವು ಶುರುವಾಗುತ್ತದೆ. ನೋವಿಗೆ ಹೆದರಿ ನಾಯಿ ನಡೆಯುವುದನ್ನು ಕಡಿಮೆ ಮಾಡುತ್ತದೆ. ನಡೆಯದಿದ್ದರೆ ತೊಡೆಯ ಸ್ನಾಯು ಕರಗುತ್ತದೆ. ಸ್ನಾಯು ಕರಗಿದ ಮೇಲೆ ಮೈಭಾರವೆಲ್ಲ ಆ ನೋವಿನ ಕೀಲಿನ ಮೇಲೆಯೇ ಬೀಳುತ್ತದೆ.

ಕಷ್ಟವೆಂದರೆ ನಾಯಿ ಈ ನೋವಿಗೆ ಕೂಗುವುದಿಲ್ಲ. ಕಾಲು ಮುರಿದರೆ ಕೂಗುವ ಪ್ರಾಣಿ ದಿನವೂ ಇರುವ ನೋವನ್ನು ನುಂಗಿಕೊಂಡೇ ಇರುತ್ತದೆ. ಹಾಗಾಗಿ ನಾವು ನೋಡಬೇಕಾದದ್ದು ಅದರ ದಿನಚರಿಯನ್ನು. ಜೀಪಿನ ಬಾಗಿಲು ತೆಗೆದರೆ ಮೊದಲು ಹಾರುತ್ತಿದ್ದ ನಾಯಿ ಈಗ ಕೆಳಗೆ ನಿಂತು ಮುಖ ನೋಡುತ್ತದೆಯೇ? ಕಾಫಿ ಕಣದಿಂದ ಮನೆಗೆ ಬರಲು ಮೆಟ್ಟಿಲು ಬಿಟ್ಟು ಸುತ್ತಿ ಬರುತ್ತದೆಯೇ? ಮಲಗಿದಲ್ಲಿಂದ ಏಳುವಾಗ ಮುಂಗಾಲು ಊರಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆಯೇ? ಒಂದೇ ಮಣಿಕಟ್ಟನ್ನು ನೆಕ್ಕಿ ನೆಕ್ಕಿ ಕೂದಲು ಕೆಂಪಾಗಿದೆಯೇ? ಬೆನ್ನು ಮುಟ್ಟಿದ ಮಗುವಿಗೆ ಎಂದೂ ಗುರ್ರೆನ್ನದ ನಾಯಿ ಗುರ್ರೆಂದಿತೇ? ಇದನ್ನು ಕಂಡು ‘ಮುದಿಯಾಗಿ ಸಿಡುಕು ಜಾಸ್ತಿ ಆಯ್ತು’ ಎನ್ನುತ್ತಾರೆ. ಸೊಂಟ ನೋಯುತ್ತಿದ್ದರೆ ಯಾರಾದರೂ ಸಿಡುಕುತ್ತಾರೆ.

ನಮ್ಮ ಊರಿನ ಹವೆ ಈ ನೋವಿಗೆ ಒಳ್ಳೆಯದಲ್ಲ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷಾ ಮುಗಿಯುವವರೆಗೆ ಮನೆಯೊಳಗಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ನಾಯಿಯ ಮೈ ಎಲ್ಲಿ ಒಣಗಬೇಕು? ಚಳಿಗೆ ಸ್ನಾಯು ಬಿಗಿಯುತ್ತದೆ, ಮಳೆಗೆ ಓಡಾಟ ನಿಲ್ಲುತ್ತದೆ. ಮುದಿ ನಾಯಿಗಳು ಹಿಂದಿನಿಂದಲೂ ಬಚ್ಚಲು ಒಲೆಯ ಬೂದಿಯ ಪಕ್ಕ ಹೋಗಿ ಮಲಗುತ್ತಿದ್ದವು. ಅವು ಆರಿಸಿಕೊಂಡ ಜಾಗ ಸರಿಯಾಗಿಯೇ ಇದೆ. ಸೋಲಾರ್ ಬಂದು ಒಲೆ ಆರಿದ ಮನೆಗಳಲ್ಲಿ ಅದಕ್ಕೆ ಬದಲಾಗಿ ನೆಲದಿಂದ ಒಂದು ಗೇಣು ಎತ್ತರದ ಹಲಗೆ, ಅದರ ಮೇಲೆ ಒಣಗಿದ ಗೋಣಿಚೀಲದ ನಾಲ್ಕಾರು ಮಡಿಕೆ ಬೇಕು. ನೆನೆದ ಚೀಲವನ್ನು ಆ ದಿನವೇ ಬದಲಿಸಬೇಕು. ಒದ್ದೆಯಲ್ಲಿ ಮಲಗಿದ ನಾಯಿಗೆ ಮೊಣಕೈಯಲ್ಲಿ ಹುಣ್ಣು, ಬೆರಳ ಸಂದಿಯಲ್ಲಿ ಬೂಸ್ಟು, ಜೋತುಬಿದ್ದ ಕಿವಿಯವಕ್ಕೆ ಕಿವಿಸೋರು.

ನೆಲದ ವಿಷಯಕ್ಕೆ ಹೆಚ್ಚು ಒತ್ತು ಕೊಟ್ಟು ಹೇಳುತ್ತೇನೆ, ಏಕೆಂದರೆ ಇದಕ್ಕೆ ದುಡ್ಡು ಬೇಕಿಲ್ಲ. ಹಳೆಯ ತೋಟದ ಮನೆಗಳ ರೆಡ್ ಆಕ್ಸೈಡ್ ನೆಲ, ಹೊಸ ಮನೆಗಳ ಟೈಲ್ಸು, ಎರಡೂ ಮುದಿ ನಾಯಿಗೆ ಶತ್ರು. ಹಿಂಗಾಲು ಜಾರಿ ಅಗಲವಾಗಿ ಬಿದ್ದ ನಾಯಿ ಆಮೇಲೆ ಆ ಕೋಣೆಗೇ ಬರುವುದಿಲ್ಲ, ನೀರಿನ ಬಟ್ಟಲು ಅಲ್ಲಿದ್ದರೆ ನೀರನ್ನೂ ಬಿಡುತ್ತದೆ. ಮಲಗುವ ಜಾಗದಿಂದ ನೀರಿನವರೆಗೆ, ಅಲ್ಲಿಂದ ಅಂಗಳದವರೆಗೆ ಗೋಣಿಚೀಲ ಬಿಚ್ಚಿ ಹಾಸಿ, ಅಂಚು ಸರಿಯದಂತೆ ಕಟ್ಟಿ. ಕಾಫಿ ನಾಡಿನಲ್ಲಿ ಹಳೆಯ ಚೀಲಕ್ಕೆ ಬರವಿಲ್ಲ. ಉಗುರನ್ನೂ ಕತ್ತರಿಸಬೇಕು. ತೋಟ ಸುತ್ತುತ್ತಿದ್ದಾಗ ತಾನಾಗಿ ಸವೆಯುತ್ತಿದ್ದ ಉಗುರು ಈಗ ಬೆಳೆದು ಬೆರಳನ್ನೇ ಮೇಲೆತ್ತುತ್ತದೆ, ಹೆಜ್ಜೆ ಇನ್ನಷ್ಟು ಜಾರುತ್ತದೆ.

ಕೀಲುನೋವಿಗೆ ಇರುವ ಅತಿ ದೊಡ್ಡ ಮದ್ದು ತೂಕ ಇಳಿಸುವುದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾವಿನವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಡಹುಟ್ಟಿದ ಮರಿಗಳ ಜೋಡಿ ಮಾಡಿ, ಒಂದಕ್ಕೆ ಇನ್ನೊಂದು ತಿನ್ನುವುದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟರು. ಹೆಚ್ಚು ತಿಂದವುಗಳ ನಡು ಆಯುಸ್ಸು 11.2 ವರ್ಷ, ಕಡಿಮೆ ತಿಂದವುಗಳದ್ದು 13 ವರ್ಷ. ಕೀಲುನೋವಿಗೆ ಮದ್ದು ಬೇಕಾದದ್ದೂ ಅವಕ್ಕೆ ಸುಮಾರು ಮೂರು ವರ್ಷ ತಡವಾಗಿ. ಯಾವ ಮಾತ್ರೆಯೂ ಇಷ್ಟು ಆಯುಸ್ಸು ಕೊಟ್ಟದ್ದನ್ನು ನಾನು ಕೇಳಿಲ್ಲ. ಪಕ್ಕೆ ಸವರಿದಾಗ ಎಲುಬು ಕೈಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಹಾಗೆಂದು ಮೊಟ್ಟೆ, ಮಾಂಸ ನಿಲ್ಲಿಸಿ ಬರೀ ಗಂಜಿಗೆ ಇಳಿಸುವುದು ತಪ್ಪು. ಮುಪ್ಪಿನಲ್ಲಿ ಸ್ನಾಯು ಕರಗುವುದರಿಂದ ಪ್ರೋಟೀನು ಬೇಕೇ ಬೇಕು, ಕಡಿಮೆ ಮಾಡಬೇಕಾದದ್ದು ಅನ್ನ ಮತ್ತು ಕೊಬ್ಬನ್ನು. ವೈದ್ಯರು ಕಿಡ್ನಿ ಕೆಟ್ಟಿದೆ ಎಂದರೆ ಮಾತ್ರ ಲೆಕ್ಕ ಬೇರೆ.

ನೋವಿನ ಮಾತ್ರೆಯ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೇನ್, ಡೈಕ್ಲೊಫೆನಾಕ್, ಪ್ಯಾರಸಿಟಮಾಲ್ ಯಾವುದನ್ನೂ ನಾಯಿಗೆ ನೀವಾಗಿ ಕೊಡಬೇಡಿ. ಮೊದಲೆರಡು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತವೆ, ಕಿಡ್ನಿ ಕೆಡಿಸುತ್ತವೆ. ಮೂರನೆಯದು ಅಳತೆ ತಪ್ಪಿದರೆ ಯಕೃತ್ತನ್ನು ಹಾಳುಮಾಡುತ್ತದೆ. ಡೈಕ್ಲೊಫೆನಾಕ್ ಏನು ಮಾಡಬಲ್ಲದು ಎಂಬುದನ್ನು ನಮ್ಮ ದೇಶ ರಣಹದ್ದುಗಳಲ್ಲಿ ಕಂಡಿದೆ. ಆ ಚುಚ್ಚುಮದ್ದು ಹಾಕಿಸಿಕೊಂಡು ಸತ್ತ ದನಗಳನ್ನು ತಿಂದ ರಣಹದ್ದುಗಳು ಕಿಡ್ನಿ ಸೋತು ಲಕ್ಷಗಟ್ಟಲೆ ಸತ್ತವು. ಭಾರತ ಸರ್ಕಾರ 2006ರಲ್ಲಿ ಪಶು ಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಅದರ ಬದಲು ಬಳಕೆಗೆ ಬಂದದ್ದು ಮೆಲಾಕ್ಸಿಕಾಮ್. ನಾಯಿಯ ಕೀಲುನೋವಿಗೂ ಪಶುವೈದ್ಯರು ಅದನ್ನೇ ಹೆಚ್ಚಾಗಿ ಬರೆಯುತ್ತಾರೆ, ಮೈತೂಕ ನೋಡಿ, ರಕ್ತ ಪರೀಕ್ಷೆ ಮಾಡಿ. ಸರಿಯಾದ ಮದ್ದು ಬಿದ್ದ ಕೆಲವೇ ದಿನದಲ್ಲಿ ಮತ್ತೆ ಬಾಲ ಎತ್ತಿ ಕಣದ ಸುತ್ತ ಒಂದು ಸುತ್ತು ಹೊಡೆಯುವ ಮುದಿ ನಾಯಿಗಳುಂಟು. ಅಷ್ಟು ದಿನ ಅದಕ್ಕಿದ್ದದ್ದು ವಯಸ್ಸಲ್ಲ, ನೋವು.

ಕಣ್ಣು ನೀಲಿಯಾಗುವುದನ್ನು ಕಂಡ ಕೂಡಲೇ ‘ಪೊರೆ ಬಂತು, ಕುರುಡಾಯ್ತು’ ಎನ್ನುತ್ತೇವೆ. ಬಹುತೇಕ ಅದು ಪೊರೆಯಲ್ಲ. ಕಣ್ಣಿನ ಮಸೂರದಲ್ಲಿ ಜೀವನವಿಡೀ ಹೊಸ ನಾರುಗಳು ಸೇರುತ್ತ ಹಳೆಯವು ನಡುವಿಗೆ ಒತ್ತಿಕೊಂಡು ಗಟ್ಟಿಯಾಗುತ್ತವೆ, ಬೆಳಕು ಚದುರಿ ನೀಲಿ ಮಬ್ಬು ಕಾಣುತ್ತದೆ. ನಾಯಿಗೆ ದೃಷ್ಟಿ ಸಾಕಷ್ಟು ಉಳಿದಿರುತ್ತದೆ. ನಿಜವಾದ ಪೊರೆ ಬೆಳ್ಳಗೆ, ದಟ್ಟವಾಗಿರುತ್ತದೆ. ದೃಷ್ಟಿ ಪೂರ್ತಿ ಹೋದರೂ ನಾಯಿ ಮೂಗಿನಿಂದ ಮನೆಯ ನಕ್ಷೆ ಇಟ್ಟುಕೊಳ್ಳುತ್ತದೆ, ನಾವು ಕುರ್ಚಿ ಮೇಜು ಸರಿಸದಿದ್ದರೆ ಸಾಕು. ಕಿವಿ ಮಂದವಾದರೆ ಕೈಸನ್ನೆ ಕಲಿಸಬಹುದು. ಇದನ್ನು ಕೇಳುವ ಶಕ್ತಿ ಇರುವಾಗಲೇ, ಮಾತಿನ ಜೊತೆ ಜೊತೆಗೆ ಕಲಿಸಿಟ್ಟರೆ ಸುಲಭ. ಮಲಗಿದ್ದನ್ನು ಏಕಾಏಕಿ ಮುಟ್ಟಬೇಡಿ, ಹತ್ತಿರದ ನೆಲ ತಟ್ಟಿ ಎಬ್ಬಿಸಿ.

ಆದರೆ ಮಲೆನಾಡಿನಲ್ಲಿ ಕಿವುಡು ಎಂದರೆ ಬರೀ ಕಿವುಡಲ್ಲ. ಮಹಾರಾಷ್ಟ್ರದ ಆಗಿನ ಅಹಮದ್‌ನಗರ ಜಿಲ್ಲೆಯ ಕೃಷಿ ಪ್ರದೇಶದಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇ 39ರಷ್ಟು ಸಾಕುನಾಯಿಯೇ ಇತ್ತು. ಅಲ್ಲಿ ಕಬ್ಬಿನ ಗದ್ದೆ, ಇಲ್ಲಿ ಕಾಫಿಯ ಪೊದೆ, ಎರಡೂ ಚಿರತೆಗೆ ಒಳ್ಳೆಯ ಮರೆ. ಎಳೆಯ ನಾಯಿ ವಾಸನೆ ಹಿಡಿದು, ಸದ್ದು ಕೇಳಿ ಮನೆಯೊಳಗೆ ನುಗ್ಗುತ್ತದೆ. ಕಿವಿ ಕೇಳದ, ಬೇಗ ಏಳಲಾಗದ ನಾಯಿ ಜಗಲಿಯ ಮೇಲೆ ಮಲಗಿದಲ್ಲೇ ಸಿಕ್ಕಿಬೀಳುತ್ತದೆ. ಸರಪಳಿ ಹಾಕಿ ಹೊರಗೆ ಕಟ್ಟಿದ ಮುದಿ ನಾಯಿಯದಂತೂ ಇನ್ನೂ ಅನ್ಯಾಯ. ಕತ್ತಲಾಗುವ ಮೊದಲು ಒಳಗೆ ತಂದುಕೊಳ್ಳಿ, ಅದಕ್ಕೆ ಕಾವಲಿನ ಕೆಲಸದಿಂದ ಬಿಡುಗಡೆ ಕೊಡಿ.

ಸಾಯುವ ಕಾಲ ಬಂದಾಗ ನಾಯಿ ತಾನಾಗಿ ಮನೆ ಬಿಟ್ಟು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೀಗೆ ಕಾಣೆಯಾದವುಗಳಲ್ಲಿ ಕೆಲವಾದರೂ ದಾರಿ ತಪ್ಪಿದವು ಎಂದೇ ನಾನು ನಂಬುತ್ತೇನೆ. ಮನುಷ್ಯರಿಗೆ ಆಲ್ಝೈಮರ್ ಬರುವಂತೆ ನಾಯಿಗೂ ಅರಿವು ಕುಸಿಯುವ ಕಾಯಿಲೆ ಇದೆ. ಮೆದುಳಿನಲ್ಲಿ ಅದೇ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳು ಸೇರುತ್ತವೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11–12 ವರ್ಷದ ನಾಯಿಗಳ ಪೈಕಿ ಶೇ 28ರಲ್ಲಿ, 15–16 ವರ್ಷದವುಗಳ ಪೈಕಿ ಶೇ 68ರಲ್ಲಿ ಇದರ ಒಂದಾದರೂ ಲಕ್ಷಣ ಕಂಡಿತ್ತು. ಬಾಗಿಲಿನ ತಿರುಗಣೆ ಇರುವ ಕಡೆ ಹೋಗಿ ನಿಲ್ಲುವುದು, ಮೂಲೆಗೆ ಸಿಕ್ಕಿ ಹಿಂದೆ ಬರಲು ತಿಳಿಯದಿರುವುದು, ಗೋಡೆ ದಿಟ್ಟಿಸುವುದು, ಹಗಲೆಲ್ಲ ಮಲಗಿ ರಾತ್ರಿ ಅಲೆಯುವುದು ಮತ್ತು ಊಳಿಡುವುದು, ಮನೆಯವರನ್ನೇ ಗುರುತಿಸದಿರುವುದು, ಒಳಗೇ ಉಚ್ಚೆ ಹೊಯ್ಯುವುದು, ಇವು ಈ ಕಾಯಿಲೆಯ ಲಕ್ಷಣಗಳು. ಊಳಿಟ್ಟರೆ ಅಪಶಕುನವೆಂದು ಹೊಡೆದು ಓಡಿಸುವ ಮನೆಗಳೂ ಇವೆ. ಆ ನಾಯಿಗೆ ಬೇಕಾದದ್ದು ರಾತ್ರಿ ಒಂದು ಸಣ್ಣ ದೀಪ, ಹಗಲು ಒಂದಿಷ್ಟು ನಡಿಗೆ, ಬದಲಾಗದ ದಿನಚರಿ, ಭದ್ರವಾದ ಗೇಟು. ಅಮೆರಿಕದ ‘ಡಾಗ್ ಏಜಿಂಗ್ ಪ್ರಾಜೆಕ್ಟ್’ 15,019 ನಾಯಿಗಳ ಮಾಹಿತಿ ಕಲೆಹಾಕಿ 2022ರಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ. ಚಟುವಟಿಕೆಯಿಲ್ಲದ ನಾಯಿಗಳಲ್ಲಿ ಈ ಕಾಯಿಲೆಯ ಸಂಭವ ಚುರುಕಾಗಿರುವವಕ್ಕಿಂತ ಆರು ಪಟ್ಟಿಗೂ ಹೆಚ್ಚು. ನಡೆಯದ್ದರಿಂದ ಕಾಯಿಲೆಯೋ, ಕಾಯಿಲೆಯಿಂದ ನಡೆಯುತ್ತಿಲ್ಲವೋ ಎಂಬುದನ್ನು ಆ ಅಧ್ಯಯನ ಬಿಡಿಸಿಲ್ಲ. ನಡೆಸುವುದರಿಂದ ನಷ್ಟವಂತೂ ಇಲ್ಲ. ದೂರ ಬೇಡ, ನಿಧಾನವಾಗಿ, ಮೂಸುತ್ತ ನಿಲ್ಲಲು ಬಿಟ್ಟು.

ಮುದಿ ನಾಯಿ ಹೆಚ್ಚು ನೀರು ಕುಡಿಯತೊಡಗಿದರೆ ಅದನ್ನು ಲಘುವಾಗಿ ಕಾಣಬೇಡಿ. ಕಿಡ್ನಿಯ ಸೋಸುವ ಘಟಕಗಳಲ್ಲಿ ಮೂರರಲ್ಲಿ ಎರಡು ಪಾಲು ಕೆಡುವವರೆಗೆ ಹೊರಗೆ ಏನೂ ತೋರುವುದಿಲ್ಲ. ಮೊದಲು ತೋರುವ ಗುರುತೇ ಹೆಚ್ಚು ಬಾಯಾರಿಕೆ, ಹೆಚ್ಚು ಉಚ್ಚೆ. ಸಕ್ಕರೆ ಕಾಯಿಲೆಯಲ್ಲೂ ಹೀಗೆಯೇ. ಆಪರೇಷನ್ ಆಗದ ಹೆಣ್ಣು ನಾಯಿಯಾದರೆ ಇನ್ನೊಂದು ಅಪಾಯವಿದೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶ ಕೀವು ತುಂಬಿಕೊಳ್ಳುತ್ತದೆ. ಬಾಯಾರಿಕೆ, ಊಟ ಬಿಡುವುದು, ವಾಂತಿ, ಕೆಲವೊಮ್ಮೆ ಕೆಳಗಿನಿಂದ ಕೀವು, ಕೆಲವೊಮ್ಮೆ ಹೊರಗೆ ಏನೂ ಇಲ್ಲ. ಇದು ಅದೇ ದಿನ ವೈದ್ಯರ ಬಳಿ ಒಯ್ಯಬೇಕಾದ ಕಾಯಿಲೆ. ತೋಟಗಳಲ್ಲಿ ಹತ್ತು ವರ್ಷದ ಹೆಣ್ಣು ನಾಯಿ ‘ವಯಸ್ಸಾಗಿ ಮೂರು ದಿನದಲ್ಲಿ ಹೋಯ್ತು’ ಎಂದು ಕೇಳಿದಾಗಲೆಲ್ಲ ನನಗೆ ಇದೇ ಅನುಮಾನ. ಎಳವೆಯಲ್ಲೇ ಸಂತಾನಹರಣ ಮಾಡಿಸಿದರೆ ಇದು ಬರುವುದೇ ಇಲ್ಲ.

ಉಣುಗು ಇನ್ನೊಂದು ವೇಷಗಾರ. ಮಂಗನ ಕಾಯಿಲೆ ಹರಡುವ ಉಣುಗು ಕಾಡಿನ ನೆಲದ್ದು, ನಾಯಿ ಜ್ವರ ಹರಡುವ ಕಂದು ಉಣುಗು ಬೇರೆ. ಇದು ನಾಯಿಯ ಮೈಯಿಂದ ಇಳಿದು ಗೋಡೆಯ ಬಿರುಕಿನಲ್ಲಿ, ಮಲಗುವ ಚೀಲದ ಕೆಳಗೆ ಮೊಟ್ಟೆಯಿಟ್ಟು ಮನೆಯಲ್ಲೇ ಸಂಸಾರ ಮಾಡುತ್ತದೆ. ಇದರಿಂದ ಬರುವ ಎರ್ಲಿಕಿಯಾ ಸೋಂಕು ಒಮ್ಮೆ ಬಂದು ಹೋದಂತೆ ತೋರಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗೇ ಕುಳಿತಿರಬಹುದು. ಆಮೇಲೆ ತೂಕ ಇಳಿಯುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ನೋಡಲು ಮುಪ್ಪಿನಂತೆಯೇ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಪತ್ತೆಯಾದರೆ ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ. ನಾಯಿ ಚೇತರಿಸಿತೆಂದು ಹತ್ತನೆಯ ದಿನಕ್ಕೆ ನಿಲ್ಲಿಸಬಾರದು. ‘ಇನ್ನೆಷ್ಟು ದಿನ ಬದುಕೀತು’ ಎಂದು ರೇಬೀಸ್ ಚುಚ್ಚುಮದ್ದು ನಿಲ್ಲಿಸುವುದೂ ತಪ್ಪು. ಗದ್ದೆ ನೀರಿನಲ್ಲಿ ಇಲಿಯ ಉಚ್ಚೆಯಿಂದ ಬರುವ ಲೆಪ್ಟೊಸ್ಪೈರಾಕ್ಕೂ ಲಸಿಕೆ ಇದೆ, ಮಳೆಗಾಲಕ್ಕೆ ಮೊದಲು ಹಾಕಿಸಬೇಕು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಬರುತ್ತದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೊಬೊಸ್ ಆ ದಿನವನ್ನು ಅಳೆಯಲು ಒಂದು ಪಟ್ಟಿ ಮಾಡಿದರು. ನೋವು, ಊಟ, ನೀರು, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿದೆಯೇ ಎಂಬುದು, ಹೀಗೆ ಏಳು. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಟ್ಟು 35 ದಾಟಿದರೆ ಬದುಕು ಇನ್ನೂ ಸಹನೀಯ. ಮನೆಯವರೆಲ್ಲ ಬೇರೆ ಬೇರೆಯಾಗಿ ಅಂಕ ಕೊಟ್ಟು ಹೋಲಿಸಿದರೆ ಒಳ್ಳೆಯದು, ಏಕೆಂದರೆ ಹೆಚ್ಚು ಹಚ್ಚಿಕೊಂಡವರ ಕಣ್ಣಿಗೆ ನೋವು ಕಾಣಿಸದೇ ಹೋಗುವುದುಂಟು. ಅಂಕ ಕೆಳಗಿಳಿದು ಮೇಲೇಳದಿದ್ದರೆ ದಯಾಮರಣದ ಬಗ್ಗೆ ಪಶುವೈದ್ಯರನ್ನು ಕೇಳುವುದು ಪಾಪವಲ್ಲ. ಅತಿಯಾದ ಅರಿವಳಿಕೆಯಿಂದ ಅದು ನಿದ್ದೆಯಲ್ಲೇ ಹೋಗುತ್ತದೆ. ಪಾಪವೆಂದು ಹೆದರಿ ಅನ್ನ ನೀರು ಮುಟ್ಟದ ನಾಯಿಯನ್ನು ವಾರಗಟ್ಟಲೆ ನರಳಲು ಬಿಡುವುದನ್ನು ನಾನು ಒಪ್ಪಲಾರೆ. ತೋಟದ ಅಂಚಿಗೆ, ಹೆದ್ದಾರಿಗೆ ಒಯ್ದು ಬಿಟ್ಟು ಬರುವುದು ಕ್ರೌರ್ಯ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ದಯಾಮರಣದ ಮದ್ದು ಸತ್ತ ದೇಹದಲ್ಲಿ ಉಳಿಯುತ್ತದೆ, ಅದನ್ನು ತಿಂದ ನರಿ, ಹದ್ದು ಸಾಯಬಹುದು. ಆದ್ದರಿಂದ ಹಳ್ಳದಿಂದ ದೂರ, ಆಳದ ಗುಂಡಿಯಲ್ಲಿ, ಮೇಲೆ ಕಲ್ಲು ಹೇರಿ ಹೂಳಬೇಕು.

ಅಲ್ಲಿಗೆ ತಲುಪುವ ಮುಂಚಿನ ವರ್ಷಗಳೇ ನಮ್ಮ ಕೈಯಲ್ಲಿರುವುದು. ನಿಮ್ಮ ನಾಯಿಗೆ ಎಂಟು ತುಂಬಿದ್ದರೆ ಮಳೆಗಾಲಕ್ಕೆ ಮೊದಲೊಮ್ಮೆ, ಕಾಫಿ ಕೊಯ್ಲಿಗೆ ಮೊದಲೊಮ್ಮೆ, ವರ್ಷಕ್ಕೆ ಎರಡು ಸಲ ಮೂಡಿಗೆರೆಯ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಆಗದ್ದಕ್ಕೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ತೂಕ ಬರೆಸಿ, ಹಲ್ಲು ನೋಡಿಸಿ, ರಕ್ತ ಕೊಡಿಸಿ. ಯಾರಾದರೂ ‘ವಯಸ್ಸಾಯ್ತು’ ಎಂದರೆ, ವಯಸ್ಸಾದದ್ದು ಗೊತ್ತು, ಕಾಯಿಲೆ ಯಾವುದು ಹೇಳಿ ಎಂದು ಕೇಳಿ.